ಬೆಟ್ಟ ಎದ್ದದ್ದು ಯಾವಾಗ?

"ಅಜ್ಜ, ನಿಮ್ಮ ಮನೆ ನಮ್ಮ ರೇಡಿಯೋ ಸಿಗ್ನಲ್ ತಲುಪದ ಶ್ಯಾಡೋದಲ್ಲಿ ಬರುತ್ತೆ. ಮಧ್ಯೆ ಬೆಟ್ಟ ಅಡ್ಡ ಇದೆ. ನಾವೇನೂ ಮಾಡೋಕಾಗಲ್ಲ" ಅಂದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ಅಲ್ಲ ಮಾರಾಯ, ಹೋದ ತಿಂಗಳವರೆಗೆ ಚೆಂದ ಕೇಳ್ತಿತ್ತು. 2018ರಲ್ಲಿ ಬೆಟ್ಟ ಜರಿದು ಬಿದ್ದದ್ದು ಗೊತ್ತುಂಟು. ಹೊಸತು ಎದ್ದದ್ದು ಯಾವಾಗ?"

ಫೋನ್ ಇಟ್ಟು ಜೋರಾಗಿ ನಕ್ಕೆ. ಡ್ಯೂಟಿಯಲ್ಲಿದ್ದವರಿಗೂ ಹೇಳಿ ನಗಿಸಿದೆ. ಈಗ ನೆನೆದರೆ ಕಿವಿ ಬಿಸಿಯಾಗುತ್ತದೆ.

ನಮ್ಮದು ಮಡಿಕೇರಿ ಕಡೆಯ ಗುಡ್ಡದ ಮೇಲಿನ ಸಣ್ಣ ಸಮುದಾಯ ರೇಡಿಯೋ. 50 ವ್ಯಾಟ್ ಟ್ರಾನ್ಸ್‌ಮಿಟರ್, 30 ಮೀಟರ್ ಟವರ್, ಆಂಟೆನಾದಿಂದ ಹೊರಡುವ ಪರಿಣಾಮಕಾರಿ ಶಕ್ತಿ (ಇಆರ್‌ಪಿ) 100 ವ್ಯಾಟ್. ಬಯಲುಸೀಮೆಯಲ್ಲಾದರೆ ಹತ್ತು ಹದಿನೈದು ಕಿಲೋಮೀಟರ್ ಆರಾಮಾಗಿ ಹೋಗುವ ಸಿಗ್ನಲ್. ಕೊಡಗಿನಲ್ಲಿ ಈ ತಿರುವಿನಲ್ಲಿ ಇರುತ್ತದೆ, ಮುಂದಿನ ತಿರುವಿನಲ್ಲಿ ಇರುವುದಿಲ್ಲ. ಹಾಗಾಗಿ ಯಾರು ದೂರು ಹೇಳಿದರೂ "ಬೆಟ್ಟ" ಅಂದುಬಿಡುವುದು ನನಗೆ ಅಭ್ಯಾಸವಾಗಿತ್ತು. ಹೆಚ್ಚಿನ ಸಲ ಅದು ನಿಜವೂ ಹೌದು.

ಆ ವರ್ಷ ಮಳೆಗಾಲ ಮುಗಿಯುತ್ತಿದ್ದಂತೆ ಮ್ಯಾನೇಜ್‌ಮೆಂಟ್‌ಗೆ ಫಾರ್ಮ್ಯಾಟ್ ಬದಲಿಸುವ ಹುಕಿ ಬಂತು. ಸಂಜೆಯ ಕಾಫಿ, ಕರಿಮೆಣಸಿನ ರೇಟು, ಕೊಡವ ತಕ್ಕ್ ಮತ್ತು ಅರೆಭಾಷೆಯ ಮಾತುಕತೆ ಎಲ್ಲ ರಾತ್ರಿ 9ರ ನಂತರಕ್ಕೆ ಹೋದವು. ಆ ಹೊತ್ತಿಗೆ ತೋಟದಿಂದ ಬಂದವರು ಮಲಗಿರುತ್ತಾರೆ. ಖಾಲಿಯಾದ ಜಾಗಕ್ಕೆ ಸಿನಿಮಾ ಹಾಡು. ಕಾರ್ಯಕ್ರಮದಲ್ಲಿ ಅರ್ಧದಷ್ಟಾದರೂ ಊರಿನವರೇ ಸೇರಿ ಮಾಡಿದ್ದು ಇರಬೇಕು ಅಂತ ನಿಯಮ ಇದೆಯಲ್ಲ ಎಂದು ನಾನು ಕೇಳಿದರೆ, "ಇದೆಯಲ್ವಾ, ರಾತ್ರಿ" ಅಂದರು.

ಇಷ್ಟಕ್ಕೆ ನಿಲ್ಲಿಸಿ ಮ್ಯಾನೇಜ್‌ಮೆಂಟನ್ನೇ ಬೈಯಬಹುದಿತ್ತು. ಆದರೆ ಹಾಡು ಅಂದಮೇಲೆ ಸ್ಟೀರಿಯೋ ಬೇಡವಾ ಅಂತ ತಲೆ ಹಾಕಿದವನು ನಾನೇ. ಯಾರೂ ಕೇಳಿರಲಿಲ್ಲ. ಎಡಕ್ಕೂ ಬಲಕ್ಕೂ ಒಂದೇ ಸದ್ದು ಕಳಿಸುವ ಮೋನೋದಲ್ಲೇ ಮೊದಲಿನಿಂದ ಇದ್ದ ಎಕ್ಸೈಟರ್‌ನಲ್ಲಿ (ಸಿಗ್ನಲ್ ಹುಟ್ಟಿಸುವ ಪೆಟ್ಟಿಗೆ) 19 ಕಿಲೋಹರ್ಟ್ಸ್ ಪೈಲಟ್, ಅಂದರೆ ಇದು ಸ್ಟೀರಿಯೋ ಅಂತ ಸೆಟ್ಟುಗಳಿಗೆ ತಿಳಿಸುವ ಗುರುತು, ಆನ್ ಮಾಡಿದೆ. ಟವರ್ ಬುಡದಲ್ಲೇ ಕೂತು ಮಾನಿಟರ್‌ನಲ್ಲಿ ಕೇಳಿದೆ. ತಬಲ ಒಂದು ಕಡೆ, ಕೊಳಲು ಇನ್ನೊಂದು ಕಡೆ. ಎಷ್ಟು ಖುಷಿ!

ಒಂದು ವಾರದಲ್ಲಿ ನಾಪೋಕ್ಲು ಕಡೆಯಿಂದ ಫೋನ್ ಶುರುವಾಯಿತು. ರೇಡಿಯೋ ಬರ್ತಾ ಇಲ್ಲ, ಶೂ ಅಂತದೆ. ಮ್ಯಾನೇಜರ್ ಪ್ರಕಾರ ಅದು ಹಳೇ ಕಾರ್ಯಕ್ರಮ ಬೇಕು ಅನ್ನುವವರ ನೆವ. ನನ್ನ ಪ್ರಕಾರ ಬೆಟ್ಟ. ಆಂಟೆನಾಗೆ ಹೋಗುವ ಫಾರ್ವರ್ಡ್ ಪವರ್ ಸರಿ ಇತ್ತು, ಅಲ್ಲಿಂದ ವಾಪಸ್ ಬರುವ ರಿಫ್ಲೆಕ್ಟೆಡ್ ಇಲ್ಲವೇ ಇಲ್ಲ ಅನ್ನುವಷ್ಟು. ಜೀಪ್ ತಗೊಂಡು ಮೂರ್ನಾಡು ದಾಟಿ ನಾಪೋಕ್ಲುವರೆಗೂ ಹೋಗಿ ಬಂದೆ. ಜೀಪಿನ ರೇಡಿಯೋದಲ್ಲಿ ಹಾಡು ಕ್ಲೀನಾಗಿ ಬಂತು. "ಕವರೇಜ್ ತೃಪ್ತಿಕರ" ಅಂತ ಬರೆದು ಸಹಿ ಹಾಕಿದೆ. ಆ ಹಾಳೆ ಇನ್ನೂ ಫೈಲಿನಲ್ಲಿದೆ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಹತ್ತಿರ ಬಂತು. ಕಕ್ಕಬ್ಬೆಯ ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನೆರೆ (ಎಲೆಗಳ ಕಟ್ಟು) ಕಟ್ಟುವ, ಕದಿರು ತೆಗೆಯುವ ಮುಹೂರ್ತ ಗೊತ್ತು ಮಾಡುತ್ತಾರೆ. ನಾವು ದಿನಾ ಸಂಜೆ ಓದುತ್ತಿದ್ದೆವು. ಅದು ಕೇಳಿಸಲಿಲ್ಲ ಅಂತ ಫೋನುಗಳು ಜಾಸ್ತಿಯಾದಾಗ, ಸುಮ್ನೆ ಸಮಾಧಾನ ಮಾಡಿ ಬರೋಣ ಅಂತ ಅಜ್ಜನ ಮನೆಗೇ ಹೋದೆ.

ಅಜ್ಜನದು ಮಗ ದುಬೈಯಿಂದ ತಂದ ಎರಡು ಸ್ಪೀಕರಿನ ಹಳೇ ಟು-ಇನ್-ವನ್. ಹಾಡಿನ ಮೇಲೆ ಶೂ ಅನ್ನುವ ಸದ್ದು ಕುಳಿತಿತ್ತು. ಮುಂದೆ ಒಂದು ಕೆಂಪು ದೀಪ ಹತ್ತಿ ಆರಿ ಮಾಡುತ್ತಿತ್ತು. "ಈ ದೀಪ ಮೊದಲು ಹತ್ತುತ್ತಲೇ ಇರ್ಲಿಲ್ಲ. ಈಗ ಇದಕ್ಕೆ ಎಂತದೋ ರೋಗ" ಅಂದರು ಅಜ್ಜ.

ಅದು ಸ್ಟೀರಿಯೋ ದೀಪ. ನನ್ನ ಹೊಟ್ಟೆಯಲ್ಲಿ ಏನೋ ಕದಲಿತು. ಸೆಟ್ಟಿನ ಮೇಲಿನ ಸಣ್ಣ ಸ್ವಿಚ್ಚನ್ನು ಮೋನೋಗೆ ಜಾರಿಸಿದೆ. ಶೂ ನಿಂತಿತು. ಹಾಡು ತೊಳೆದಂತೆ ಬಂತು.

ಸಿಗ್ನಲ್ ತೆಳ್ಳಗಿರುವ ಕಡೆ ಸ್ಟೀರಿಯೋ ಮಾಡಿದರೆ ಹಾಡಿಗೂ ಶೂ ಸದ್ದಿಗೂ ಇರುವ ಅಂತರದಲ್ಲಿ ಸುಮಾರು 20 ಡೆಸಿಬೆಲ್ ಕೈಬಿಡುತ್ತದೆ. ಪಾಠದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದೂ ಇದ್ದೆ. ಜೀಪಿನ ರೇಡಿಯೋ ಸಿಗ್ನಲ್ ಇಳಿದಾಗ ತಾನೇ ಮೋನೋಗೆ ಜಾರುತ್ತದೆ, ಅದಕ್ಕೇ ನನಗೆ ಎಲ್ಲ ಸರಿ ಕೇಳಿತ್ತು. ಅಜ್ಜನ ಸೆಟ್ಟು ಸರಿಯಾಯಿತು, ಸರಿ. ತೋಟದ ಕೆಲಸದವರ ಲೈನ್‌ಮನೆಗಳಲ್ಲಿ ಮೊಬೈಲಿಗೆ ಇಯರ್‌ಫೋನ್ ಸಿಕ್ಕಿಸಿ ಕೇಳುವವರಿಗೆ ಸ್ವಿಚ್ ಎಲ್ಲಿದೆ?

ಅಲ್ಲಿಂದಲೇ ಸ್ಟುಡಿಯೋಗೆ ಫೋನ್ ಮಾಡಿದ್ದು ಎರಡನೇ ತಪ್ಪು. ಮುಹೂರ್ತ ಓದಲು ಐದು ನಿಮಿಷ ಬಾಕಿ. ಡ್ಯೂಟಿಯಲ್ಲಿ ಹೊಸ ಹುಡುಗ, ಟ್ರಾನ್ಸ್‌ಮಿಟರ್ ರ‍್ಯಾಕ್ ಮುಟ್ಟಲು ಹೆದರುವವನು. ನನ್ನ ಮೊಬೈಲಿಗೆ ಸಿಗ್ನಲ್ ಅಂಗಳದ ಮೂಲೆಯಲ್ಲಿ ಮಾತ್ರ. ಮೆನುಗೆ ಹೋಗು, ಮೋಡ್ ಒತ್ತು ಅಂದೆ. ಒಳಗಿನಿಂದ ಅಜ್ಜ ಕೂಗಿದರು: "ದೀಪ ಆರಿತು!" ಗೆದ್ದೆ ಅಂದುಕೊಂಡೆ. ಮರುಕ್ಷಣ, "ಹಾಡೂ ಹೋಯ್ತು!"

ಹುಡುಗ ಆರ್‌ಎಫ್, ಅಂದರೆ ಪ್ರಸಾರದ ಸಿಗ್ನಲ್ಲನ್ನೇ, ಆಫ್ ಮಾಡಿದ್ದ.

"ಸರ್, ಪಾಸ್‌ವರ್ಡ್ ಕೇಳ್ತಿದೆ." ನಾಲ್ಕು ಸೊನ್ನೆ ಅಂದೆ. ಇಲ್ಲ. ಒಂದು ಎರಡು ಮೂರು ನಾಲ್ಕು ಅಂದೆ. ಇಲ್ಲ. ಯಾರೂ ಮುಟ್ಟಬಾರದು ಅಂತ ಹೋದ ತಿಂಗಳು ನಾನೇ ಬದಲಿಸಿದ್ದೆ. ಏನಿಟ್ಟಿದ್ದೆ? ಮಧ್ಯೆ ಮಧ್ಯೆ ಮ್ಯಾನೇಜರ್ ಕಾಲ್ ವೇಟಿಂಗ್. ಅಂಗಳದಲ್ಲಿ ಒಣಗಿಸಲು ಹರಡಿದ್ದ ಕಾಫಿ ತುಳಿಯದಂತೆ ಅಲ್ಲೇ ಸುತ್ತು ಹೊಡೆದೆ. ಅಜ್ಜ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಕೊನೆಗೆ ಹೊಳೆಯಿತು: ನನ್ನ ಸ್ಕೂಟರ್ ನಂಬರ್.

ಒಟ್ಟು ನಾಲ್ಕು ನಿಮಿಷ ಡೆಡ್ ಏರ್. ಲಾಗ್ ಬುಕ್ಕಿನಲ್ಲಿ "ತಾಂತ್ರಿಕ ಕಾರಣ" ಅಂತ ಬರೆದೆ. ಕಾರಣ ನಾನು ಅಂತ ಬರೆಯಲು ಕಾಲಂ ಇಲ್ಲ. ಮುಹೂರ್ತ ಮಾತ್ರ ಮೋನೋದಲ್ಲೇ ಹೋಯಿತು. ಪಾಸ್‌ವರ್ಡ್ ಈಗ ರ‍್ಯಾಕಿನ ಬಾಗಿಲ ಒಳಗೆ ಅಂಟಿಸಿದೆ.

ಮ್ಯಾನೇಜರ್‌ಗೆ ಮೋನೋ ಆದದ್ದು ಇವತ್ತಿಗೂ ಗೊತ್ತಾಗಿಲ್ಲ. "ಸ್ಟೀರಿಯೋ ಮಾಡಿದ ಮೇಲೆ ಸೌಂಡ್ ಸೂಪರ್" ಅನ್ನುತ್ತಾರೆ.

ಹುತ್ತರಿ ಕಳೆದ ಮೇಲೆ ಅಜ್ಜನ ಫೋನ್ ಬಂತು. "ಈಗ ಸ್ಪಷ್ಟ ಕೇಳ್ತದೆ. ಆ ಹಾಡುಗಳನ್ನು ಆರಿಸುವವರು ಯಾರು? ಅವರ ನಂಬರ್ ಕೊಡು."

ಕೊಟ್ಟೆ.