ಬೀಸ್ಟ್ ಹುಲ್ಲುಗಾವಲು: ಮೂರು ವಾರದ ಕೆಲಸದ ಟಿಪ್ಪಣಿ

ಮೊದಲ ವಾರ

'ಶ್ಯಾಡೋ ಆಫ್ ದಿ ಬೀಸ್ಟ್' 1989ರಲ್ಲಿ ಅಮಿಗಾ ಎಂಬ ಮನೆ ಕಂಪ್ಯೂಟರಿಗೆ ಬಂದ ಆಟ. ಮಾಡಿದ್ದು ರಿಫ್ಲೆಕ್ಷನ್ಸ್‌ನ ಮಾರ್ಟಿನ್ ಎಡ್ಮಂಡ್‌ಸನ್ ಮತ್ತು ಪಾಲ್ ಹೋವರ್ತ್, ಹೊರತಂದಿದ್ದು ಲಿವರ್‌ಪೂಲ್‌ನ ಸಿಗ್ನೋಸಿಸ್. ಪೆಟ್ಟಿಗೆಯ ಚಿತ್ರ ರೋಜರ್ ಡೀನ್ ಅವರದು, ಒಳಗೆ ಟೀಶರ್ಟ್ ಬೇರೆ. ಬೆಲೆ ಸುಮಾರು 35 ಪೌಂಡ್. ಆಗಿನ ಕಾಲಕ್ಕೆ ಕೈ ಸುಡುವ ದುಡ್ಡು.

ಎಮ್ಯುಲೇಟರಿನಲ್ಲಿ, ಅಂದರೆ ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶದಲ್ಲಿ, ಹಾಕಿದ ತಕ್ಷಣ ಯಾಕೆ ಅಷ್ಟು ಹೆಸರು ಮಾಡಿತೆಂದು ಗೊತ್ತಾಗುತ್ತದೆ. ಅರಸೀಕೆರೆ ದಾಟಿದ ಮೇಲೆ ರೈಲಿನ ಕಿಟಕಿಯಲ್ಲಿ ಕಾಣುವ ಹಾಗೆ ದೂರದ ಗುಡ್ಡ ಮೆಲ್ಲಗೆ, ಮರ ಬೇಗ, ಹತ್ತಿರದ ಬೇಲಿ ಇನ್ನೂ ಬೇಗ ಸರಿಯುತ್ತದೆ. ಮೋಡದಿಂದ ಹುಲ್ಲಿನವರೆಗೆ ಹನ್ನೆರಡರಷ್ಟು ಪದರ, ಸೆಕೆಂಡಿಗೆ 50 ಫ್ರೇಮ್, ಎಲ್ಲೂ ತಡವರಿಸದೆ. ಮೇಲೆ ಡೇವಿಡ್ ವಿಟೇಕರ್ ಅವರ ಕೊಳಲು, ಡೋಲಿನ ಸಂಗೀತ. ಈಗಲೂ ಹೆಡ್‌ಫೋನ್ ತೆಗೆಯಲು ಮನಸ್ಸಾಗುವುದಿಲ್ಲ.

ಆಡಲು ಕೂತರೆ ಮಾತ್ರ ಬೇರೆ ಕಥೆ. ಒಂದೇ ಜೀವ, 12 ಶಕ್ತಿಯ ಅಂಕ. ವೈರಿಗಳು ಪ್ರತಿ ಸಲ ಅದದೇ ಜಾಗದಲ್ಲಿ, ಅದೇ ವರಸೆಯಲ್ಲಿ ಬರುತ್ತಾರೆ. ಗುದ್ದು ಒಂದು ಚೂರು ಮುಂಚೆ ಬಿದ್ದರೂ, ಒಂದು ಚೂರು ತಡವಾದರೂ ನಮಗೇ ಏಟು. ಚುರುಕುತನಕ್ಕಿಂತ ಬಾಯಿಪಾಠ ಮುಖ್ಯ, ಹದಿನೇಳರ ಮಗ್ಗಿ ಒಪ್ಪಿಸಿದ ಹಾಗೆ. ಬಣ್ಣದ ವೇಷ ಭರ್ಜರಿಯಾಗಿ ರಂಗಕ್ಕೆ ಬಂತು, ಅರ್ಥ ಹೇಳಲು ಮಾತ್ರ ಬಾಯಿ ಬರಲಿಲ್ಲ ಅನ್ನುವ ಸ್ಥಿತಿ.

ಅದಕ್ಕೇ ಈ ಹುಚ್ಚು: ಅಂಥದ್ದೇ ಹುಲ್ಲುಗಾವಲನ್ನು 68000 ಅಸೆಂಬ್ಲಿಯಲ್ಲಿ, ಅಂದರೆ ಅಮಿಗಾದ ಪ್ರೊಸೆಸರಿನ ಸ್ವಂತ ಭಾಷೆಯಲ್ಲಿ, ನಾನೇ ಬರೆಯುವುದು, ಅದರೊಳಗೆ ನ್ಯಾಯವಾದ ಗುದ್ದಾಟ ಇಡುವುದು. ಗುರಿ 512 ಕೆಬಿ ಮೆಮೊರಿಯ ಅಮಿಗಾ 500.

ಎರಡನೇ ವಾರ

ಇಡೀ ಗುಟ್ಟು ಕಾಪರ್‌ನಲ್ಲಿದೆ. ಅಮಿಗಾದ ಚಿಪ್‌ಗಳೊಳಗಿನ ಈ ಪುಟ್ಟ ಪ್ರೊಸೆಸರಿಗೆ ಗೊತ್ತಿರುವುದು ಮೂರೇ ಆಜ್ಞೆ: ಮೂವ್, ವೇಯ್ಟ್, ಸ್ಕಿಪ್. ಪರದೆಯ ಮೇಲೆ ಚಿತ್ರ ಬರೆಯುವ ಕಿರಣ ಇಂಥ ಗೆರೆಗೆ ಬರುವವರೆಗೆ ಕಾಯಿ, ಬಂದಾಗ ಈ ರಿಜಿಸ್ಟರಿನಲ್ಲಿ (ಚಿಪ್‌ನೊಳಗಿನ ಪುಟ್ಟ ಗೂಡು) ಈ ಬೆಲೆ ಇಡು. ಇಷ್ಟೇ. ಆದರೆ ಆ ರಿಜಿಸ್ಟರ್ ಬಣ್ಣದ್ದಾದರೆ ಗೆರೆಗೊಂದು ಬಣ್ಣದ ಆಕಾಶ ಪುಕ್ಕಟೆ ಸಿಗುತ್ತದೆ. ಸ್ಕ್ರೋಲಿನದ್ದಾದರೆ, ಅಂದರೆ ಚಿತ್ರವನ್ನು ಪಕ್ಕಕ್ಕೆ ಸರಿಸುವುದಾದರೆ, ಒಂದೊಂದು ಪಟ್ಟಿಯೂ ತನ್ನದೇ ವೇಗದಲ್ಲಿ ಓಡುತ್ತದೆ. ಮುಖ್ಯ ಪ್ರೊಸೆಸರಿಗೆ ಇದರ ಭಾರ ಹೆಚ್ಚೇನೂ ತಟ್ಟುವುದಿಲ್ಲ, ಫ್ರೇಮಿಗೊಮ್ಮೆ ಕಾಪರ್‌ನ ಆಜ್ಞೆಗಳಲ್ಲಿರುವ ಬೆಲೆಗಳನ್ನು ತಿದ್ದಿಟ್ಟರೆ ಸಾಕು.

ಒಂದರ ಮೇಲೊಂದು ಎರಡು ಚಿತ್ರ ತೋರಿಸುವ ಡ್ಯುಯಲ್ ಪ್ಲೇಫೀಲ್ಡ್ ಆರಿಸಿಕೊಂಡೆ. ಆರು ಬಿಟ್‌ಪ್ಲೇನ್ (ಪಿಕ್ಸೆಲಿಗೊಂದು ಬಿಟ್ ಇರುವ ಪದರ), ಹಿಂದಕ್ಕೆ ಮೂರು, ಮುಂದಕ್ಕೆ ಮೂರು. ಒಂದೊಂದಕ್ಕೆ ಏಳೇ ಬಣ್ಣ, ಜೊತೆಗೆ ಹಿನ್ನೆಲೆಯದೊಂದು. ಕಡಿಮೆ ಅನಿಸುತ್ತದೆ, ಆದರೆ ನಡುನಡುವೆ ಕಾಪರ್ ಬಣ್ಣ ಬದಲಿಸುತ್ತಿದ್ದರೆ ಬಡತನ ಗೊತ್ತಾಗುವುದಿಲ್ಲ. ಹಿಂದೆ ಮೋಡದ ಮೂರು ಪಟ್ಟಿ, ಗುಡ್ಡ, ಐದು ಹುಲ್ಲಿನ ಪಟ್ಟಿ. ಮುಂದೆ ಮರ. ಚಂದ್ರನಿಗೆ ಸ್ಪ್ರೈಟ್, ಅಂದರೆ ಹಿನ್ನೆಲೆಯನ್ನು ಮುಟ್ಟದೆ ಚಿಪ್ ತಾನೇ ಮೂಡಿಸುವ ಪುಟ್ಟ ಚಿತ್ರ.

ಮೂರು ರಾತ್ರಿ ನಿದ್ದೆ ಕೆಡಿಸಿದ್ದು ಹುಲ್ಲು. ಮೇಲಿನ ಪಟ್ಟಿಗಳೆಲ್ಲ ಸರಿ, ಕೆಳಗಿನ ಎರಡು ಮಾತ್ರ ಹರಿದ ಚಾಪೆಯ ಹಾಗೆ. ಸ್ಕ್ರೋಲಿನ ಲೆಕ್ಕ ತಪ್ಪಿರಬೇಕೆಂದು ಅದನ್ನೇ ಕೆದಕುತ್ತಾ ಕೂತಿದ್ದೆ. ತಪ್ಪಿದ್ದದ್ದು ಬೇರೆ ಕಡೆ. ಕಾಪರ್‌ನ ವೇಯ್ಟ್ ಗೆರೆಗಳನ್ನು ಎಂಟು ಬಿಟ್‌ನಲ್ಲಿ ಎಣಿಸುತ್ತದೆ, ಅಂದರೆ 255ಕ್ಕೆ ಮುಗಿಯಿತು, ಮತ್ತೆ ಸೊನ್ನೆ. ಪ್ಯಾಲ್ (ಯೂರೋಪಿನ, ನಮ್ಮ ಹಳೆಯ ಟಿವಿ ಪದ್ಧತಿ) ಪರದೆಯಲ್ಲಿ ಚಿತ್ರ ಶುರುವಾಗುವುದೇ 44ನೇ ಗೆರೆಯಿಂದ. ಹಾಗಾಗಿ 256 ಗೆರೆಯ ಚಿತ್ರದ ಕೊನೆಯ ತುಂಡು 255ರ ಆಚೆ ಬೀಳುತ್ತದೆ. ನನ್ನ ಹುಲ್ಲು ಇದ್ದದ್ದು ಅಲ್ಲೇ! 255ನೇ ಗೆರೆಯ ಕೊನೆಯವರೆಗೆ ಕಾಯುವ ಒಂದು ವೇಯ್ಟ್ ಹೆಚ್ಚಿಗೆ ಸೇರಿಸಿದೆ, ಚಾಪೆ ಹೊಲಿಗೆ ಹಾಕಿದಂತೆ ಕೂಡಿಕೊಂಡಿತು. ಹಳಬರಿಗೆಲ್ಲ ಇದು ಮೊದಲ ದಿನದ ಪಾಠವಂತೆ.

ಎಡ ಅಂಚಿನ ಮಿಣುಕು ಹೋಗಿಸಲು ಪ್ರತಿ ಗೆರೆಗೂ ಒಂದು ವರ್ಡ್ (16 ಬಿಟ್) ಮುಂಚಿತವಾಗಿ ಓದಿಸಬೇಕಾಯಿತು. ಅದಕ್ಕೆ ತೆತ್ತ ಬೆಲೆ ಏಳನೇ ನಂಬರಿನ ಸ್ಪ್ರೈಟ್. ಚಂದ್ರ ಒಂದು ಬದಿ ಸವೆದ. ಅವನನ್ನು ಬೇರೆ ನಂಬರುಗಳಿಗೆ ಸಾಗಿಸಿದೆ.

ಮೂರನೇ ವಾರ

ನಾಯಕ ನಡೆಯುತ್ತಾನೆ, ಹಾರುತ್ತಾನೆ. ಗುದ್ದಿಗೆ ಬೇರೆ ಲೆಕ್ಕ ಹಾಕಿದ್ದೇನೆ: ಮುಷ್ಟಿ ಆರು ಫ್ರೇಮ್ ಚಾಲ್ತಿಯಲ್ಲಿರುತ್ತದೆ, ಅಂದರೆ 0.12 ಸೆಕೆಂಡು, ತಾಗುವ ಚೌಕ ಮುಷ್ಟಿಯ ಚಿತ್ರಕ್ಕಿಂತ 8 ಪಿಕ್ಸೆಲ್ ಉದ್ದ. ಕಾಗದದ ಮೇಲೆ ಎಲ್ಲ ಸರಿಯಿದೆ. ಪರೀಕ್ಷಿಸಲು ವೈರಿಯೇ ಇಲ್ಲ, ಯಾಕೆಂದರೆ ವಾರದ ಅರ್ಧ ಮೋಡದ ಮೂರನೇ ಪಟ್ಟಿಯ ಬಣ್ಣ ತಿದ್ದುವುದರಲ್ಲೇ ಹೋಯಿತು.

ಭಾನುವಾರ ಅಕ್ಕನ ಮಗ ಬಂದಿದ್ದ. ಜಾಯ್‌ಸ್ಟಿಕ್ ಕೊಟ್ಟೆ. ಹತ್ತು ನಿಮಿಷ ಎಡಕ್ಕೆ ಹೋದ, ಬಲಕ್ಕೆ ಬಂದ, ಹುಲ್ಲು ಓಡುವುದನ್ನೇ ನೋಡಿದ. ಬಟನ್ ಮುಟ್ಟಲೇ ಇಲ್ಲ.

"ಸಖತ್ತಾಗಿದೆ ಮಾವ. ಈಗ ಏನ್ ಮಾಡ್ಬೇಕು?"

"ಗುದ್ದು."

"ಯಾರಿಗೆ?"

ಉತ್ತರ ಹೊಳೆಯಲಿಲ್ಲ, ಕಾಫಿ ತರುತ್ತೇನೆಂದು ಎದ್ದೆ.

ಮುಂದಿನ ವಾರ ಹುಲ್ಲು, ಮೋಡ, ಚಂದ್ರ ಎಲ್ಲ ಬಂದ್. ಕಪ್ಪು ಪರದೆ, ನಾಯಕನ ಬದಲು ಬಿಳಿ ಚೌಕ, ವೈರಿಯ ಬದಲು ಕೆಂಪು ಚೌಕ. ವೈರಿ ಬರುವ ಜಾಗ ಪ್ರತಿ ಸಲ ಬೇರೆ ಇರಬೇಕು. ಶನಿವಾರ ಹುಡುಗ ಮತ್ತೆ ಬರುತ್ತಾನಂತೆ.