ದಾವಣಗೆರೆಯ ಬೇಸಿಗೆಯಲ್ಲಿ ಒಣದ್ರಾಕ್ಷಿಯ ಸಿಹಿ ಬ್ರೆಡ್ಡು

ಒಣಹಣ್ಣು ಹಾಕಿದ ಹಳೆಯ ಬಗೆಯ ಸಿಹಿ ಬ್ರೆಡ್ಡು ಚಳಿನಾಡುಗಳಿಂದ ಬಂದ ತಿಂಡಿಯಾದ್ದರಿಂದ, ಹಿಟ್ಟನ್ನು ಉಬ್ಬಲು ಎರಡು ಗಂಟೆ ಬೆಚ್ಚಗಿನ ಜಾಗದಲ್ಲಿಡಬೇಕೆಂಬ ಸೂಚನೆಯನ್ನು ದಾವಣಗೆರೆಯ ಏಪ್ರಿಲ್‌ನಲ್ಲಿ ಅಕ್ಷರಶಃ ಪಾಲಿಸಿದ ನನಗೆ ಮೊದಲ ಸಲ ದಕ್ಕಿದ್ದು ಹೆಂಡದ ವಾಸನೆಯ, ಕುಸಿದುಬಿದ್ದ ಮುದ್ದೆ. ಇಲ್ಲಿನ ಸೆಕೆಗೆ ಮುಕ್ಕಾಲು ಗಂಟೆ ಸಾಕು.

ಈಗ ನಾನು 500 ಗ್ರಾಂ ಮೈದಾಕ್ಕೆ 7 ಗ್ರಾಂ ಒಣ ಯೀಸ್ಟ್, 75 ಗ್ರಾಂ ಸಕ್ಕರೆ, ಒಂದು ಚಮಚ ಉಪ್ಪು ಮತ್ತು ಸುಮಾರು 280 ಮಿ.ಲೀ. ಉಗುರುಬೆಚ್ಚಗಿನ ಹಾಲು ಹಾಕಿ ನಾದುತ್ತೇನೆ. ಬೆಣ್ಣೆ 60 ಗ್ರಾಂ ಮಾತ್ರ. ಬೆಣ್ಣೆದೋಸೆಯ ಊರಿನಲ್ಲಿ ಇದು ಜಿಪುಣತನವೆನಿಸಬಹುದು, ಆದರೆ ಜಿಡ್ಡು ಹೆಚ್ಚಿದಷ್ಟೂ ಹಿಟ್ಟಿಗೆ ಎಳೆ ಬರುವುದು ತಡವಾಗುತ್ತದೆ. ಸಕ್ಕರೆಯೂ ಮಿತಿಮೀರಿದರೆ ಯೀಸ್ಟ್‌ನೊಳಗಿನ ನೀರನ್ನೇ ಹೀರಿ ಅದನ್ನು ಮಂಕಾಗಿಸುತ್ತದೆ. ಸಿಹಿಯ ಹೊಣೆಯನ್ನು ಹಣ್ಣಿಗೆ ಬಿಡುವುದೇ ಲೇಸು.

ಆ ಹಣ್ಣಿನ ಆರೈಕೆಯೇ ನಿಜವಾದ ಕೆಲಸ. ವೇಲ್ಸ್‌ನವರು ತಮ್ಮ ‘ಬಾರಾ ಬ್ರಿತ್’ ಬ್ರೆಡ್ಡಿಗೆ ಮಾಡುವಂತೆ, 150 ಗ್ರಾಂ ಒಣದ್ರಾಕ್ಷಿ, ಖರ್ಜೂರಗಳನ್ನು ರಾತ್ರಿಯೇ ಹಾಲಿಲ್ಲದ ಚಹಾದಲ್ಲಿ ನೆನೆಸುತ್ತೇನೆ. ನೆನೆಯದ ದ್ರಾಕ್ಷಿ ಹಿಟ್ಟಿನ ತೇವವನ್ನು ಕದಿಯುತ್ತದೆ. ಮೇಲ್ಭಾಗದಲ್ಲಿದ್ದರೆ ಕರಕಲಾಗಿ ಕಹಿಯಾಗುತ್ತದೆ. ಬೆಳಿಗ್ಗೆ ಬಟ್ಟೆಯಲ್ಲಿ ಒತ್ತಿ ಒರೆಸಿ, ಹಿಟ್ಟು ಒಮ್ಮೆ ಉಬ್ಬಿದ ನಂತರವೇ ಮಡಚಿ ಸೇರಿಸಬೇಕು. ನಾದುವಾಗಲೇ ಹಾಕಿದರೆ ಹಣ್ಣು ಒಡೆದು ಹಿಟ್ಟಿನ ತುಂಬ ಕಂದು ಗೆರೆಗಳೇಳುತ್ತವೆ.

ಅಚ್ಚಿನಲ್ಲಿ ಮತ್ತೊಮ್ಮೆ ಉಬ್ಬಿದ ಮೇಲೆ 180 ಡಿಗ್ರಿಯಲ್ಲಿ 35–40 ನಿಮಿಷ ಬೇಯಿಸಿ, ತಳವನ್ನು ತಟ್ಟಿದಾಗ ಖಾಲಿ ಡಬ್ಬಿಯ ಸದ್ದು ಬರಬೇಕು. ಬಿಸಿಯಲ್ಲೇ ಕೊಯ್ದರೆ ಒಳಗೆ ಅಂಟಂಟಾಗುತ್ತದೆಂದು ಎಷ್ಟು ಹೇಳಿದರೂ, ನಮ್ಮ ಮನೆಯಲ್ಲಿ ಯಾರಾದರೊಬ್ಬರು ಅದರ ತುದಿಯನ್ನು ಆಗಲೇ ಮುರಿದಿರುತ್ತಾರೆ.