ಧೂಳಿನ ಬಿಸಿ ಹೇಳುವ ಲೆಕ್ಕ

ಮಾರ್ಚ್ ತಿಂಗಳು. ಸುಂಟಿಕೊಪ್ಪದ ಹತ್ತಿರ ಚಿಕ್ಕಪ್ಪನ ತೋಟದಲ್ಲಿ ರೋಬಸ್ಟಾ ಹೂವಿಗೆ ಸ್ಪ್ರಿಂಕ್ಲರ್ ನೀರು ಹೊಡೆಯುವ ಕಾಲ. ರಜೆಗೆ ಹೋಗಿದ್ದ ನಾನೂ ಬೆಳಗಿನ ಜಾವ ಪೈಪ್ ಬದಲಿಸಲು ಅವರ ಜೊತೆ ಹೊರಟೆ. ಆನೆ ಭಯಕ್ಕೆ ದೊಡ್ಡ ಟಾರ್ಚು ಬೇಕೇ ಬೇಕು. ಕೆರೆ ಏರಿಯ ಮೇಲೆ ಮರಗಳಿಲ್ಲ. ದಕ್ಷಿಣಕ್ಕೆ ಆಕಾಶಗಂಗೆ ಚೆನ್ನಾಗಿ ಕಾಣುತ್ತಿತ್ತು.

“ನಡುವೆ ಕಪ್ಪು ಪಟ್ಟಿ ಇದೆಯಲ್ಲ, ಅಲ್ಲಿ ನಕ್ಷತ್ರ ಇಲ್ವಾ ಮಗಳೇ?”

“ಇವೆ ಚಿಕ್ಕಪ್ಪ. ಧೂಳು ಅಡ್ಡ ಬಂದಿದೆ.”

ನಾನು ಸಂಶೋಧನೆ ಮಾಡುವುದು ಇಂಥ ಧೂಳಿನ ಮೇಲೆಯೇ, ಆದರೆ ತುಂಬಾ ದೂರದ ಗ್ಯಾಲಕ್ಸಿಗಳಲ್ಲಿ. ಧೂಳು, ಅನಿಲ ದಟ್ಟವಾಗಿರುವ ಕಡೆಯೇ ನಕ್ಷತ್ರ ಹುಟ್ಟುತ್ತದೆ. ಹೊಸ ದೊಡ್ಡ ನಕ್ಷತ್ರಗಳ ನೇರಳಾತೀತ ಬೆಳಕನ್ನು ಧೂಳು ನುಂಗಿ ಬಿಸಿಯಾಗುತ್ತದೆ. ಬಿಸಿ ಅಂದರೂ ಸೊನ್ನೆಗಿಂತ ಸುಮಾರು 230 ಡಿಗ್ರಿ ಕೆಳಗೆ! ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕಿನಲ್ಲಿ ಹೊಳೆಯಲು ಅದಕ್ಕೆ ಅಷ್ಟೇ ಸಾಕು. ಬಚ್ಚಲ ಒಲೆಯ ಉರಿ ಕಾಣದಿದ್ದರೂ ಗೋಡೆ ಮುಟ್ಟಿದರೆ ಒಳಗೆ ಎಷ್ಟು ಬೆಂಕಿ ಇದೆ ಅಂತ ತಿಳಿಯುತ್ತದಲ್ವಾ, ಹಾಗೆ ಅಂತ ಚಿಕ್ಕಪ್ಪನಿಗೆ ಹೇಳಿದೆ.

1983ರಲ್ಲಿ ಐರಾಸ್ ಉಪಗ್ರಹ ಇಡೀ ಆಕಾಶವನ್ನು ಇನ್‌ಫ್ರಾರೆಡ್‌ನಲ್ಲಿ ಜಾಲಾಡಿತು. ಆರ್ಪ್ 220 ಎಂಬ ಗ್ಯಾಲಕ್ಸಿ ಮಾಮೂಲಿ ದೂರದರ್ಶಕಕ್ಕೆ ಅಂಥ ಭಾರಿ ಹೊಳಪಿನದೇನಲ್ಲ. ಇನ್‌ಫ್ರಾರೆಡ್‌ನಲ್ಲಿ ಅದರ ಹೊಳಪು ಒಂದು ಲಕ್ಷ ಕೋಟಿ ಸೂರ್ಯರಿಗಿಂತ ಜಾಸ್ತಿ. ಎರಡು ಗ್ಯಾಲಕ್ಸಿಗಳು ಡಿಕ್ಕಿಯಾಗಿ ಒಂದಾಗುತ್ತಿರುವ ಜಾಗ ಅದು, ಸುಮಾರು 25 ಕೋಟಿ ಬೆಳಕಿನ ವರ್ಷ ದೂರದಲ್ಲಿ. ನಮ್ಮ ಆಕಾಶಗಂಗೆಯಲ್ಲಿ ವರ್ಷಕ್ಕೆ ಒಂದೆರಡು ಸೂರ್ಯರಷ್ಟು ನಕ್ಷತ್ರ ಹುಟ್ಟಿದರೆ ಅಲ್ಲಿ ನೂರಕ್ಕೂ ಹೆಚ್ಚು. ಕಣ್ಣಿಗೆ ಕಾಣುವ ಬೆಳಕನ್ನೇ ನಂಬಿ ಕೂತಿದ್ದರೆ ಈ ಲೆಕ್ಕವೆಲ್ಲ ತಪ್ಪಿಹೋಗುತ್ತಿತ್ತು. ಇದನ್ನು ನೆನೆದರೆ ನನಗೆ ಈಗಲೂ ರೋಮಾಂಚನವಾಗುತ್ತದೆ.

“ಇಲ್ಲೇ ಒಂದು ದೂರದರ್ಶಕ ಇಟ್ಟರೆ?” ಅಂದರು ಚಿಕ್ಕಪ್ಪ. ಕೊಡಗಿನ ಗಾಳಿಯ ತೇವ ಅದಕ್ಕೆ ಬಿಡುವುದಿಲ್ಲ. ಗಾಳಿಯಲ್ಲಿರುವ ನೀರಾವಿ ಉದ್ದ ಅಲೆಯ ಇನ್‌ಫ್ರಾರೆಡ್ ಬೆಳಕನ್ನು ಹೀರಿಬಿಡುತ್ತದೆ. ಅದಕ್ಕೇ 3.5 ಮೀಟರ್ ಕನ್ನಡಿಯ ಹರ್ಷೆಲ್ ದೂರದರ್ಶಕವನ್ನು 2009ರಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ್ದು. ಉಪಕರಣಗಳನ್ನು ತಂಪಾಗಿಡುವ ಹೀಲಿಯಂ 2013ರಲ್ಲಿ ಮುಗಿಯಿತು, ಕೆಲಸವೂ ನಿಂತಿತು.

ಚಿಕ್ಕಪ್ಪ ಒಂದು ಜಾಯಿಂಟ್ ಬಿಗಿ ಮಾಡಿ ತಲೆ ಎತ್ತಿದರು. “ಗೋಡೆ ಮುಟ್ಟಿ ಒಳಗೆ ಯಾವ ಸೌದೆ ಉರೀತಿದೆ ಅಂತ ಹೇಳೋಕಾಗುತ್ತಾ?”

ಎಷ್ಟು ಸರಿಯಾದ ಪ್ರಶ್ನೆ! ಗ್ಯಾಲಕ್ಸಿಯ ನಡುವಿನ ಕಪ್ಪುಕುಳಿ ವಸ್ತುವನ್ನು ಸೆಳೆದುಕೊಳ್ಳುವಾಗಲೂ ಸುತ್ತಲ ಧೂಳು ಕಾಯುತ್ತದೆ. ಆದರೆ ಆ ಧೂಳು ಇನ್ನೂ ಬಿಸಿ, ಅದರ ಹೊಳಪು ಕಡಿಮೆ ಉದ್ದದ ಅಲೆಗಳಲ್ಲಿ ಬರುತ್ತದೆ. ಮಸಿಯಂಥ ಇಂಗಾಲದ ಅಣುಗಳ ಗುರುತು ನಕ್ಷತ್ರ ಹುಟ್ಟುವ ಕಡೆ ಎದ್ದು ಕಾಣುತ್ತದೆ, ಕಪ್ಪುಕುಳಿಯ ಪ್ರಭಾವ ಜೋರಾಗಿರುವ ಕಡೆ ಮಂಕು. ಎರಡೂ ಒಟ್ಟಿಗೆ ಉರಿಯುವ ಗ್ಯಾಲಕ್ಸಿಗಳಲ್ಲಿ ಯಾವುದರ ಪಾಲು ಎಷ್ಟು ಅಂತ ಬಿಡಿಸುವುದೇ ಕಷ್ಟ. ನನ್ನ ಕೆಲಸದ ಬಹುಪಾಲು ಹೊತ್ತು ಹೋಗುವುದು ಅದಕ್ಕೇ.